ದಂತಚಿಕಿತ್ಸೆಯಲ್ಲಿ ಪೂರ್ಣ ಅರಿವಳಿಕೆ: ಯಾರಿಗೆ, ಎಲ್ಲಿ, ಯಾರಿಂದ



ಚಿಕಿತ್ಸೆಯ ವೇಳೆ ರೋಗಿಯ ಪ್ರಜ್ಞೆಯನ್ನು ಔಷಧದಿಂದ ಕೆಲಕಾಲ ಇಲ್ಲವಾಗಿಸಿ, ಕೆಲಸ ಮುಗಿದ ಮೇಲೆ ಮರಳಿ ಬರಿಸುವ ವಿದ್ಯೆಗೆ ಪೂರ್ಣ ಅರಿವಳಿಕೆ ಎಂದು ಹೆಸರು. ಆಸ್ಪತ್ರೆಯಲ್ಲಿ ಇದನ್ನು ಜನರಲ್ ಅನಸ್ತೀಷಿಯಾ ಎನ್ನುತ್ತಾರೆ. ಮನೆಮಾತಿನಲ್ಲಿ ಮತ್ತು ಕೊಡುವುದು, ಪ್ರಜ್ಞೆ ತಪ್ಪಿಸುವುದು ಎನ್ನುತ್ತಾರೆ. ಹೃದಯದ ಆಪರೇಷನ್ನಿಗೂ ಹೊಟ್ಟೆಯ ಆಪರೇಷನ್ನಿಗೂ ಇಂದು ಅನಿವಾರ್ಯವಾಗಿರುವ ಈ ವಿದ್ಯೆಯನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಮುಂದಾಳುಗಳು ಹಲ್ಲಿನ ವೈದ್ಯರು. ಹಾಗಿದ್ದೂ ಹಲ್ಲಿನ ವೈದ್ಯರ ಬಳಿಗೆ ಹೋಗುವ ಬಹುಪಾಲು ಜನರಿಗೆ ಇಂದು ಇದರ ಅಗತ್ಯವೇ ಬೀಳುವುದಿಲ್ಲ. ಅಗತ್ಯ ಬೀಳುವ ಕೆಲವರಿಗೆ ಮಾತ್ರ ಬೇರೆ ದಾರಿಯೇ ಇಲ್ಲ. ಬೇಡದವರಿಗೆ ಕೊಡಬಾರದು, ಬೇಕಾದವರಿಗೆ ತಪ್ಪಿಸಬಾರದು ಎಂಬ ಎರಡೂ ಮಾತುಗಳನ್ನು ಒಟ್ಟಿಗೆ ಹಿಡಿದುಕೊಂಡು ಸಾಗುವುದು ಈ ಉಪನ್ಯಾಸದ ಉದ್ದೇಶ.

ವಿಷಯವನ್ನು ನಾಲ್ಕು ಹಂತಗಳಲ್ಲಿ ನೋಡಬಹುದು. ಮೊದಲು ಇದರ ಚರಿತ್ರೆ. ಆ ಬಳಿಕ ಬಾಯಿಯೊಳಗಿನ ಚಿಕಿತ್ಸೆಗೆ ಅರಿವಳಿಕೆ ಕೊಡುವುದು ಏಕೆ ಅಷ್ಟು ನಾಜೂಕಿನ ಕೆಲಸ ಎಂಬುದು. ಮೂರನೆಯದಾಗಿ ಇದು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು. ಕೊನೆಗೆ ಎಲ್ಲಿ ಮತ್ತು ಯಾರು ಕೊಡಬೇಕು ಎಂಬ ಪ್ರಶ್ನೆ.

ಚರಿತ್ರೆ ಆರಂಭವಾಗುವುದೇ ಹಲ್ಲುನೋವಿನಿಂದ. 1799ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ನ್ಯುಮ್ಯಾಟಿಕ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ಹಂಫ್ರಿ ಡೇವಿ ಎಂಬ ಇಪ್ಪತ್ತರ ತರುಣ ರಸಾಯನಶಾಸ್ತ್ರಜ್ಞ ನೈಟ್ರಸ್ ಆಕ್ಸೈಡ್ ಅನಿಲವನ್ನು ತಾನೇ ಸೇದಿ ಪರೀಕ್ಷಿಸುತ್ತಿದ್ದ. ಬುದ್ಧಿಹಲ್ಲು ಮೂಡುವಾಗ ಅವನ ಒಸಡು ಊದಿಕೊಂಡು ನೋಯುತ್ತಿತ್ತು. ಅನಿಲ ಸೇದಿದಾಗಲೆಲ್ಲ ಆ ನೋವು ಇಳಿಯುವುದನ್ನು ಗಮನಿಸಿ, ಹೆಚ್ಚು ರಕ್ತ ಹೋಗದ ಶಸ್ತ್ರಚಿಕಿತ್ಸೆಗಳಲ್ಲಿ ಇದನ್ನು ಬಳಸಬಹುದೇನೋ ಎಂದು 1800ರ ತನ್ನ ಪುಸ್ತಕದಲ್ಲಿ ಬರೆದ. ಆ ಸಾಲನ್ನು ಓದಿದ ಯಾವ ಶಸ್ತ್ರವೈದ್ಯನೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ನಾಲ್ಕು ದಶಕಗಳ ಕಾಲ ಆ ಅನಿಲ ಜಾತ್ರೆ, ಪ್ರದರ್ಶನಗಳಲ್ಲಿ ಜನರನ್ನು ನಗಿಸುವುದಕ್ಕಷ್ಟೇ ಬಳಕೆಯಾಯಿತು. ಅಷ್ಟು ಕಾಲ ಎಷ್ಟು ಜನ ಎಚ್ಚರವಿದ್ದಂತೆಯೇ ಕಾಲು ಕತ್ತರಿಸಿಕೊಂಡರು, ದವಡೆ ಕೊಯ್ಯಿಸಿಕೊಂಡರು ಎಂದು ನೆನೆದರೆ ಮನಸ್ಸು ಭಾರವಾಗುತ್ತದೆ.

ಅಂಥದ್ದೊಂದು ಪ್ರದರ್ಶನ 1844ರ ಡಿಸೆಂಬರ್ 10ರ ರಾತ್ರಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ನಡೆಯಿತು. ನಡೆಸಿದವರು ಗಾರ್ಡ್ನರ್ ಕ್ವಿನ್ಸಿ ಕೋಲ್ಟನ್. ಸಭೆಯಲ್ಲಿ ಹೋರೇಸ್ ವೆಲ್ಸ್ ಎಂಬ ಸ್ಥಳೀಯ ದಂತವೈದ್ಯರು ಕುಳಿತಿದ್ದರು. ಅನಿಲ ಸೇದಿ ಕುಣಿದಾಡಿದ ಯುವಕನೊಬ್ಬ ಬೆಂಚಿಗೆ ಬಡಿದು ಕಾಲು ಗಾಯ ಮಾಡಿಕೊಂಡ. ರಕ್ತ ಸುರಿಯುತ್ತಿದ್ದರೂ ಅವನಿಗೆ ಅದರ ಅರಿವೇ ಇರಲಿಲ್ಲ. ಇಡೀ ಸಭೆ ಕಂಡದ್ದರ ಅರ್ಥವನ್ನು ಹಿಡಿದವರು ವೆಲ್ಸ್ ಒಬ್ಬರೇ. ಮಾರನೆಯ ದಿನ ಬೆಳಿಗ್ಗೆ ಅವರು ತಾವೇ ಕುರ್ಚಿಯಲ್ಲಿ ಕುಳಿತರು. ಕೋಲ್ಟನ್ ಅನಿಲ ಕೊಟ್ಟರು, ಜಾನ್ ರಿಗ್ಸ್ ಎಂಬ ಸಹೋದ್ಯೋಗಿ ವೆಲ್ಸ್ ಅವರ ಹಲ್ಲನ್ನು ಕಿತ್ತರು. ನೋವಾಗಲಿಲ್ಲ. ಔಷಧವೊಂದನ್ನು ಬೇರೆಯವರ ಮೇಲೆ ಪ್ರಯೋಗಿಸುವ ಮೊದಲು ತಮ್ಮ ಮೈಮೇಲೆಯೇ ಪ್ರಯೋಗಿಸಿಕೊಂಡ ಈ ಧೈರ್ಯವನ್ನು ವೈದ್ಯಚರಿತ್ರೆ ಮರೆಯಬಾರದು.

1845ರ ಜನವರಿಯಲ್ಲಿ ವೆಲ್ಸ್ ಬಾಸ್ಟನ್ನಿಗೆ ಹೋಗಿ ವೈದ್ಯವಿದ್ಯಾರ್ಥಿಗಳ ಎದುರು ಒಬ್ಬನ ಹಲ್ಲು ಕಿತ್ತು ತೋರಿಸಿದರು. ಅನಿಲದ ಚೀಲವನ್ನು ಬೇಗ ತೆಗೆದುಬಿಟ್ಟದ್ದರಿಂದ ರೋಗಿ ನರಳಿದ; ಸಭೆ ಇದೆಲ್ಲ ಬೂಟಾಟಿಕೆ ಎಂದು ಕೂಗಿ ಅವರನ್ನು ಕಳಿಸಿತು. ಅವರ ಹಿಂದಿನ ಶಿಷ್ಯ ಮತ್ತು ಪಾಲುದಾರ ವಿಲಿಯಂ ಮಾರ್ಟನ್ ಕೂಡ ದಂತವೈದ್ಯರೇ. ಮಾರ್ಟನ್ ಕಟ್ಟುಹಲ್ಲಿನ ಸೆಟ್ ಮಾಡಿಕೊಡುವುದರಲ್ಲಿ ಹೆಸರಾದವರು. ಸೆಟ್ ಕೂರಿಸಬೇಕಾದರೆ ಒಸಡಿನಲ್ಲಿ ಉಳಿದ ಹಳೆಯ ಬೇರುಗಳನ್ನೆಲ್ಲ ಕಿತ್ತು ತೆಗೆಯಬೇಕು, ಆ ನೋವಿಗೆ ಹೆದರಿ ಜನ ಹಿಂದೆ ಸರಿಯುತ್ತಿದ್ದರು. ಹೀಗೆ ತಮ್ಮ ವೃತ್ತಿಯ ಅಡಚಣೆಯೇ ಅವರನ್ನು ಈಥರ್ ಎಂಬ ಔಷಧದ ಕಡೆಗೆ ನಡೆಸಿತು. 1846ರ ಸೆಪ್ಟೆಂಬರ್ 30ರಂದು ಈಥರ್ ಕೊಟ್ಟು ಒಬ್ಬ ರೋಗಿಯ ಹಲ್ಲನ್ನು ನೋವಿಲ್ಲದೆ ಕಿತ್ತರು. ಅಕ್ಟೋಬರ್ 16ರಂದು ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲಿನಲ್ಲಿ ಮಾರ್ಟನ್ ಈಥರ್ ಕೊಟ್ಟರು, ಶಸ್ತ್ರವೈದ್ಯ ಜಾನ್ ಕಾಲಿನ್ಸ್ ವಾರನ್ ರೋಗಿಯ ದವಡೆಯ ಕೆಳಗಿನ ಗೆಡ್ಡೆಯ ಮೇಲೆ ಕತ್ತಿಯಾಡಿಸಿದರು. ಆಧುನಿಕ ಶಸ್ತ್ರಚಿಕಿತ್ಸೆ ಆ ದಿನದಿಂದ ಬೇರೆಯದೇ ಆಯಿತು. ಡಿಸೆಂಬರ್ 19ರಂದು ಲಂಡನ್ನಿನಲ್ಲಿ ಜೇಮ್ಸ್ ರಾಬಿನ್ಸನ್ ಎಂಬ ದಂತವೈದ್ಯರು ಈಥರ್ ಕೊಟ್ಟು ಹಲ್ಲು ಕಿತ್ತರು. 1847ರ ಮಾರ್ಚ್ ಹೊತ್ತಿಗೆ ಕಲ್ಕತ್ತೆಯ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲೂ ಈಥರ್ ಬಳಕೆಗೆ ಬಂತು. ಖಂಡದಿಂದ ಖಂಡಕ್ಕೆ ತಂತಿಯೂ ಇಲ್ಲದ, ಹಡಗಿನ ಕಾಗದವನ್ನೇ ನಂಬಿದ್ದ ಕಾಲಕ್ಕೆ ಇದು ಅಚ್ಚರಿಯ ವೇಗ.

ಮಾರ್ಟನ್ ಪೇಟೆಂಟಿಗಾಗಿ ಬಡಿದಾಡಿದರು. ವೆಲ್ಸ್ ತಮ್ಮ ಶೋಧ ಎಲ್ಲರಿಗೂ ಮುಕ್ತವಾಗಿರಲಿ ಎಂದರು. ಮನಸ್ಸಿನ ಸ್ವಾಸ್ಥ್ಯ ಕೆಟ್ಟು 1848ರ ಜನವರಿಯಲ್ಲಿ, 33ರ ವಯಸ್ಸಿನಲ್ಲಿ, ಅವರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅಮೆರಿಕದ ದಂತವೈದ್ಯರ ಸಂಘ ಈ ಶೋಧದ ಗೌರವ ವೆಲ್ಸ್ ಅವರದೆಂದು ಒಪ್ಪಿಕೊಂಡದ್ದು 1864ರಲ್ಲಿ.

ಇನ್ನು ನೈಟ್ರಸ್ ಆಕ್ಸೈಡ್ ಏನಾಯಿತು? ಅದೇ ಕೋಲ್ಟನ್ 1863ರಲ್ಲಿ ಅದನ್ನು ಮತ್ತೆ ಹಲ್ಲು ಕೀಳುವ ಕೆಲಸಕ್ಕೆ ತಂದರು, ಸಾವಿರಾರು ಜನ ಅವರ ಚಿಕಿತ್ಸಾಲಯಕ್ಕೆ ಬಂದರು. ಆದರೆ ಅಲ್ಲೊಂದು ಅಪಾಯ ಅಡಗಿತ್ತು. ಸಾಮಾನ್ಯ ವಾಯುಒತ್ತಡದಲ್ಲಿ, ದೇಹಕ್ಕೆ ಬೇಕಾದಷ್ಟು ಆಮ್ಲಜನಕವನ್ನೂ ಕೊಡುತ್ತ, ನೈಟ್ರಸ್ ಆಕ್ಸೈಡ್ ಒಂದರಿಂದಲೇ ಪೂರ್ಣ ಅರಿವಳಿಕೆ ತರಲು ಆಗುವುದಿಲ್ಲ. ಅಂದು ಶುದ್ಧ ಅನಿಲವನ್ನೇ ಸೇದಿಸುತ್ತಿದ್ದರು. ರೋಗಿಯ ಮುಖ ನೀಲಿಗಟ್ಟುವವರೆಗೆ ಕಾದು ಹಲ್ಲು ಕೀಳುತ್ತಿದ್ದರು. ಅಂದರೆ ಪ್ರಜ್ಞೆ ತಪ್ಪುತ್ತಿದ್ದುದರಲ್ಲಿ ಅನಿಲದ ಪಾಲು ಅರ್ಧ, ಉಸಿರುಕಟ್ಟಿದ್ದರ ಪಾಲು ಅರ್ಧ. 1868ರಲ್ಲಿ ಷಿಕಾಗೋದ ಶಸ್ತ್ರವೈದ್ಯ ಎಡ್ಮಂಡ್ ಆಂಡ್ರೂಸ್ ಅನಿಲದ ಜೊತೆ ಆಮ್ಲಜನಕ ಬೆರೆಸಬೇಕೆಂದು ಹೇಳಿದರು. ಅದು ಎಲ್ಲೆಡೆ ರೂಢಿಗೆ ಬರಲು ಮತ್ತೂ ಹಲವು ದಶಕಗಳು ಬೇಕಾದವು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದುಕೊಂಡಿತು. 1884ರಲ್ಲಿ ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಕೆಳದವಡೆಯ ನರದ ಬಳಿ ಕೊಕೇನ್ ಚುಚ್ಚಿ ಆ ಭಾಗವನ್ನಷ್ಟೇ ಮರಗಟ್ಟಿಸಿದರು. ಕೊಕೇನಿನ ಕೇಡನ್ನು ಕಳೆಯಲು 1905ರಲ್ಲಿ ನೊವೊಕೇನ್ ಬಂತು. 1948ರಲ್ಲಿ, ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ರೂಪಿಸಿದ ಲಿಡೊಕೇನ್ ಮಾರುಕಟ್ಟೆಗೆ ಬಂತು. ಇಂದಿಗೂ ನಮ್ಮ ಊರಿನ ಡೆಂಟಲ್ ಕ್ಲಿನಿಕ್ಕುಗಳಲ್ಲಿ ಹಲ್ಲು ಕೀಳುವ ಮೊದಲು ಕೊಡುವ ಚುಚ್ಚುಮದ್ದು ಬಹುಮಟ್ಟಿಗೆ ಅದೇ. ಹಲ್ಲಿನ ನೋವನ್ನು ತಡೆಯಲು ಇಡೀ ಮಿದುಳನ್ನು ಮಲಗಿಸಬೇಕಾದ ಕಾಲ ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆಗೆ ದಂತಚಿಕಿತ್ಸೆಯಲ್ಲಿ ಪೂರ್ಣ ಅರಿವಳಿಕೆ ಬೇಕಾಗುವುದು ನೋವಿಗಿಂತ ಹೆಚ್ಚಾಗಿ ಬೇರೆ ಕಾರಣಗಳಿಗೆ: ರೋಗಿಯ ವಯಸ್ಸು, ಸಹಕರಿಸುವ ಶಕ್ತಿ, ಕೆಲಸದ ಗಾತ್ರ, ಸೋಂಕಿನ ಉಗ್ರತೆ.

ಈಗ ಎರಡನೆಯ ಭಾಗಕ್ಕೆ ಬರೋಣ. ಮೊದಲಿಗೆ ಒಂದು ವ್ಯತ್ಯಾಸವನ್ನು ಸ್ಪಷ್ಟಮಾಡಿಕೊಳ್ಳಬೇಕು. ಮರಗಟ್ಟಿಸುವ ಚುಚ್ಚುಮದ್ದಿನಲ್ಲಿ ಎಚ್ಚರ ಪೂರ್ತಿ ಇರುತ್ತದೆ. ಶಮನಸ್ಥಿತಿಯಲ್ಲಿ, ಅಂದರೆ ಸೆಡೇಶನ್ನಿನಲ್ಲಿ, ರೋಗಿ ಮಂಪರಿನಲ್ಲಿದ್ದರೂ ಕರೆದರೆ ಓಗೊಡುತ್ತಾನೆ, ಬಾಯಿ ತೆರೆ ಎಂದರೆ ತೆರೆಯುತ್ತಾನೆ, ಉಸಿರಾಟ ಅವನದೇ ಹಿಡಿತದಲ್ಲಿರುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಕರೆದರೂ ಚುಚ್ಚಿದರೂ ಓಗೊಡುವುದಿಲ್ಲ; ಕೆಮ್ಮುವ, ನುಂಗುವ, ಉಸಿರುದಾರಿಯನ್ನು ಕಾಯ್ದುಕೊಳ್ಳುವ ದೇಹದ ಸ್ವಂತ ಕಾವಲು ನಿಂತುಹೋಗುತ್ತದೆ. ಆ ಕಾವಲನ್ನು ಇನ್ನೊಬ್ಬರು ವಹಿಸಿಕೊಳ್ಳಬೇಕು. ಈ ಮೂರರ ನಡುವೆ ಗೋಡೆಯಿಲ್ಲ. ಔಷಧ ಒಂದಿಷ್ಟು ಹೆಚ್ಚಾದರೆ ಮಂಪರಿನಲ್ಲಿದ್ದ ಮಗು ತಿಳಿಯದಂತೆ ಪೂರ್ಣ ಅರಿವಳಿಕೆಗೆ ಜಾರುತ್ತದೆ. ದಂತಚಿಕಿತ್ಸೆಯಲ್ಲಿ ನಡೆದಿರುವ ದುರಂತಗಳಲ್ಲಿ ಹಲವು ಈ ಜಾರುವ ಜಾಗದಲ್ಲೇ ನಡೆದಿವೆ.

ಇನ್ನುಳಿದ ಶಸ್ತ್ರಚಿಕಿತ್ಸೆಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಕೆಲಸ ನಡೆಯುವ ಜಾಗ. ಮೊಣಕಾಲಿನ ಆಪರೇಷನ್ ಆಗುತ್ತಿದ್ದರೆ ಅರಿವಳಿಕೆ ತಜ್ಞರು ರೋಗಿಯ ತಲೆಯ ಬಳಿ ಇರುತ್ತಾರೆ, ಬಾಯಿ ಮೂಗು ಅವರದೇ ವಶದಲ್ಲಿರುತ್ತದೆ. ಹಲ್ಲಿನ ಕೆಲಸದಲ್ಲಿ ಹಾಗಲ್ಲ. ರೋಗಿ ಉಸಿರಾಡಬೇಕಾದ ದಾರಿಯೂ ಅದೇ, ದಂತವೈದ್ಯರು ಕೆಲಸ ಮಾಡಬೇಕಾದ ಜಾಗವೂ ಅದೇ. ನೀರು ಚಿಮ್ಮಿಸುವ ಡ್ರಿಲ್, ರಕ್ತ, ಎಂಜಲು, ಕಿತ್ತ ಹಲ್ಲು, ಸಿಮೆಂಟಿನ ಚೂರು ಎಲ್ಲವೂ ಗಂಟಲಿನ ಬಾಗಿಲಲ್ಲೇ ಇರುತ್ತವೆ. ಒಂದೇ ದಾರಿಯನ್ನು ಇಬ್ಬರು ವೈದ್ಯರು ಹಂಚಿಕೊಳ್ಳಬೇಕಾದ ಈ ಸ್ಥಿತಿಯೇ ದಂತ ಅರಿವಳಿಕೆಯ ಎಲ್ಲ ಎಚ್ಚರಿಕೆಗಳ ಮೂಲ.

ಇದನ್ನು ಒಂದು ಉದಾಹರಣೆಯಿಂದ ನೋಡಬಹುದು. ನಾಲ್ಕು ವರ್ಷದ ಒಂದು ಮಗುವಿನ ಹತ್ತು ಹನ್ನೆರಡು ಹಾಲುಹಲ್ಲುಗಳು ಹುಳುಕಾಗಿವೆ ಎಂದುಕೊಳ್ಳೋಣ. ಆಪರೇಷನ್ನಿಗೆ ಆರು ಗಂಟೆ ಮೊದಲಿನಿಂದ ಗಟ್ಟಿ ಆಹಾರವಿಲ್ಲ. ಹಸುವಿನ ಹಾಲನ್ನೂ ಆಹಾರವೆಂದೇ ಎಣಿಸಬೇಕು. ನೀರನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಸಬಹುದು. ಅಳುತ್ತದೆಂದು ಅಜ್ಜಿ ಗುಟ್ಟಾಗಿ ತಿನ್ನಿಸಿದ ಒಂದು ಬಿಸ್ಕತ್ತು ಅರಿವಳಿಕೆಯಲ್ಲಿ ಹೊಟ್ಟೆಯಿಂದ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗೆ ಏನಾದರೂ ತಿಂದಿದ್ದರೆ ಮುಚ್ಚಿಡದೆ ಹೇಳುವುದೇ ಮಗುವಿಗೆ ಮಾಡುವ ಉಪಕಾರ. ಬೇರೊಂದು ದಿನ ಕೊಡುತ್ತಾರೆ, ಅಷ್ಟೆ.

ಥಿಯೇಟರಿನಲ್ಲಿ ಮಗುವಿಗೆ ಸೂಜಿ ತೋರಿಸುವುದಿಲ್ಲ. ಮುಖಕ್ಕೆ ಮೆತ್ತನೆಯ ಮಾಸ್ಕ್ ಹಿಡಿದು ಸೀವೊಫ್ಲುರೇನ್ ಎಂಬ, ಘಾಟಿಲ್ಲದ ಔಷಧವನ್ನು ಉಸಿರಿನ ಜೊತೆ ಕೊಡುತ್ತಾರೆ. ಒಂದೆರಡು ನಿಮಿಷದಲ್ಲಿ ನಿದ್ದೆ ಹತ್ತುತ್ತದೆ. ಆಮೇಲೆ ಕೈಯ ರಕ್ತನಾಳಕ್ಕೆ ಸೂಜಿ ಹೋಗುತ್ತದೆ. ದೊಡ್ಡವರಿಗಾದರೆ ಸಾಮಾನ್ಯವಾಗಿ ಮೊದಲೇ ರಕ್ತನಾಳದ ಮೂಲಕ ಪ್ರೊಪೊಫಾಲ್ ಎಂಬ ಔಷಧ ಕೊಡುತ್ತಾರೆ. ಉಸಿರಿನ ಕೊಳವೆಯನ್ನು ಬಾಯಿಯ ಬದಲು ಮೂಗಿನಿಂದ ಇಳಿಸುವುದು ಹಲ್ಲಿನ ಕೆಲಸದ ವಾಡಿಕೆ. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಲಂಡನ್ನಿನ ಬಳಿಯ ಸಿಡ್‌ಕಪ್ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುತ್ತಿದ್ದ ಐವನ್ ಮೆಗಿಲ್ ಈ ಕ್ರಮವನ್ನು ಬೆಳೆಸಿದರು. ಕೊಳವೆಯನ್ನು ಗಂಟಲಲ್ಲಿ ಹಿಡಿದು ಮುಂದಕ್ಕೆ ಸಾಗಿಸುವ ಬಾಗಿದ ಇಕ್ಕಳ ಇಂದಿಗೂ ಅವರ ಹೆಸರಿನಲ್ಲೇ ಇದೆ. ಮೂಗಿನಲ್ಲಿ ರಕ್ತ ಒಸರದಂತೆ ಮೊದಲೇ ಹನಿ ಔಷಧ ಬಿಡುತ್ತಾರೆ. ಕೊಳವೆಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ಮೆದುಮಾಡಿಕೊಳ್ಳುತ್ತಾರೆ.

ಆ ಬಳಿಕ ಗಂಟಲಿಗೆ ಒದ್ದೆಮಾಡಿದ ಗಾಜ್ ಬಟ್ಟೆಯ ಪಟ್ಟಿಯನ್ನು ಒತ್ತಿಡುತ್ತಾರೆ. ರಕ್ತ ಮತ್ತು ಚೂರುಗಳು ಕೆಳಗಿಳಿಯದಂತೆ ತಡೆಯುವ ಈ ಪಟ್ಟಿಯನ್ನು ಕೊನೆಯಲ್ಲಿ ತೆಗೆಯಲು ಮರೆತರೆ ಅದೇ ಉಸಿರು ನಿಲ್ಲಿಸುತ್ತದೆ. ಆದ್ದರಿಂದ ಪಟ್ಟಿಯ ತುದಿಯನ್ನು ಬಾಯಿಯಿಂದ ಹೊರಗೆ ಕಾಣುವಂತೆ ಬಿಡುವುದು, ಥಿಯೇಟರಿನ ಬೋರ್ಡಿನ ಮೇಲೆ ಬರೆಯುವುದು, ರೋಗಿಯ ಹಣೆಗೆ ಚೀಟಿ ಅಂಟಿಸುವುದು, ನರ್ಸ್ ಗಟ್ಟಿಯಾಗಿ ಲೆಕ್ಕ ಒಪ್ಪಿಸುವುದು ಹೀಗೆ ಹಲವು ಬಗೆಯ ಕಟ್ಟುಪಾಡುಗಳಿವೆ. ಕಿತ್ತ ಹಲ್ಲುಗಳನ್ನೂ ಎಣಿಸಿಡುತ್ತಾರೆ. ಒಂದು ಹಲ್ಲು ಕಡಿಮೆ ಬಿದ್ದರೆ ಅದು ಸಿಗುವವರೆಗೆ ಹುಡುಕಬೇಕು. ಸಿಗದಿದ್ದರೆ ಎದೆಯ ಎಕ್ಸ್-ರೇ ತೆಗೆಯಬೇಕು. ಕೊಳವೆ ತೆಗೆಯುವ ಮುನ್ನ ಕಿರುನಾಲಿಗೆಯ ಹಿಂದೆ ಹೆಪ್ಪುಗಟ್ಟಿದ ರಕ್ತ ಉಳಿದಿದೆಯೇ ಎಂದು ನೋಡುತ್ತಾರೆ. ಕಣ್ತಪ್ಪಿ ಉಳಿದ ಹೆಪ್ಪು ಜಾರಿ ಉಸಿರುಗೊಳವೆಗೆ ಬಿದ್ದು ಜೀವಗಳು ಹೋಗಿವೆ. ಮರಣೋತ್ತರ ಪರೀಕ್ಷೆಯಲ್ಲಿ ಸಿಗುವ ಹೆಪ್ಪು ಎಂಬ ಅರ್ಥದಲ್ಲಿ ಅದನ್ನು ಕೊರೊನರ್ಸ್ ಕ್ಲಾಟ್ ಎಂದೇ ಕರೆಯುತ್ತಾರೆ.

ಇಷ್ಟು ಹೊತ್ತೂ ಅರಿವಳಿಕೆ ತಜ್ಞರ ಕಣ್ಣು ಮಾನಿಟರಿನ ಮೇಲಿರುತ್ತದೆ. ಹೃದಯದ ಬಡಿತ, ರಕ್ತದೊತ್ತಡ, ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಅಂಶ, ಹೊರಬಿಟ್ಟ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್. ಈ ಕೊನೆಯದಕ್ಕೆ ವಿಶೇಷ ಬೆಲೆಯಿದೆ. ಉಸಿರು ನಿಂತ ತಕ್ಷಣ ಅದರ ಗೆರೆ ಮಲಗಿಬಿಡುತ್ತದೆ. ಬೆರಳಿನ ಯಂತ್ರ ಅದನ್ನು ತೋರಿಸಲು ಮತ್ತಷ್ಟು ಹೊತ್ತು ಬೇಕು. ಮಗುವಿನ ದೇಹ ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಸುಮಾರು ಎರಡರಷ್ಟು ಆಮ್ಲಜನಕ ಬಳಸುತ್ತದೆ; ಹೀಗಾಗಿ ಉಸಿರು ನಿಂತಾಗ ಸರಿಪಡಿಸಲು ಸಿಗುವ ಸಮಯವೂ ಕಡಿಮೆ. ಎಚ್ಚರವಾಗುವ ಗಳಿಗೆಯಲ್ಲಿ ಒಂದು ತೊಟ್ಟು ರಕ್ತ ಗಂಟಲನ್ನು ಕೆಣಕಿದರೂ ಧ್ವನಿತಂತುಗಳು ಬಿಗಿಯಾಗಿ ಮುಚ್ಚಿಕೊಳ್ಳಬಹುದು. ಮಕ್ಕಳಲ್ಲಿ ಇದು ಹೆಚ್ಚು. ನೆಗಡಿ ಇರುವ ಮಕ್ಕಳಲ್ಲಿ ಇನ್ನೂ ಹೆಚ್ಚು. ನೆಗಡಿ ಇರುವ ಮಗುವಿನ ಆಪರೇಷನ್ ಮುಂದೂಡಿದರೆ ತಂದೆ ತಾಯಿ ಬೇಸರಿಸಬಾರದು.

ಇಲ್ಲಿಯೇ ಕರ್ನಾಟಕಕ್ಕೆ ನೇರವಾಗಿ ಸೇರಿದ ಒಂದು ಮಾತು ಹೇಳಬೇಕು. ಅರಿವಳಿಕೆಗೆ ಮೊದಲು ರೋಗಿಯ ಬಾಯಿ ಎಷ್ಟು ತೆರೆಯುತ್ತದೆ, ನಾಲಿಗೆಯ ಹಿಂದೆ ಗಂಟಲು ಎಷ್ಟು ಕಾಣುತ್ತದೆ ಎಂದು ನೋಡುತ್ತಾರೆ. ಕೊಳವೆ ಇಳಿಸುವುದು ಸುಲಭವೋ ಕಷ್ಟವೋ ಎಂದು ಹೀಗೆ ಅಂದಾಜು ಮಾಡುವ ವಿಧಾನವನ್ನು 1985ರಲ್ಲಿ ಪ್ರಕಟಿಸಿದವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಮೂಲದ ವೈದ್ಯ ಶೇಷಗಿರಿರಾವ್ ಮಲ್ಲಂಪಾಟಿ. ಇಂದು ಜಗತ್ತಿನೆಲ್ಲೆಡೆ ಅರಿವಳಿಕೆ ತಜ್ಞರು ಅವರ ಹೆಸರಿನಲ್ಲೇ ಆ ದರ್ಜೆಯನ್ನು ಬರೆಯುತ್ತಾರೆ. ಈ ಪರೀಕ್ಷೆ ನಮ್ಮಲ್ಲಿ ಇನ್ನೂ ಮುಖ್ಯ: ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಡಿಕೆ ಮತ್ತು ಗುಟ್ಕಾ ವರ್ಷಗಟ್ಟಲೆ ಜಗಿದವರ ಕೆನ್ನೆಯ ಒಳಪದರ ಬಿಳಿಚಿ, ನಾರುಗಟ್ಟಿ, ಬಿಗಿಯಾಗುತ್ತದೆ. ಮೂರು ಬೆರಳು ಹಿಡಿಸಬೇಕಾದ ಬಾಯಲ್ಲಿ ಒಂದು ಬೆರಳೂ ಹೋಗದ ಸ್ಥಿತಿ ಬರುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗವಿದ್ದವರಿಗೆ ಮೊದಲು ಅರಿವಳಿಕೆ ಕೊಟ್ಟು ಆಮೇಲೆ ಬಾಯಿ ತೆರೆಯಲು ಹೊರಟರೆ ತೆರೆಯುವುದೇ ಇಲ್ಲ. ಸ್ನಾಯು ಸಡಿಲಿಸುವ ಔಷಧಕ್ಕೂ ಆ ನಾರು ಬಗ್ಗುವುದಿಲ್ಲ. ಅಂಥವರಿಗೆ ಎಚ್ಚರವಿರುವಾಗಲೇ, ಮೂಗು ಗಂಟಲನ್ನು ಮರಗಟ್ಟಿಸಿ, ತುದಿಯಲ್ಲಿ ಬೆಳಕಿರುವ ಬಾಗುವ ದೂರ್ಬೀನಿನ ಮೂಲಕ ಕೊಳವೆ ಇಳಿಸಬೇಕಾಗುತ್ತದೆ. ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿದೆ. ಅದಕ್ಕೂ ಮೊದಲು ಜಗಿದವರ, ನಿಷೇಧವಾದ ಮೇಲೂ ಅಡಿಕೆ ತಂಬಾಕನ್ನು ಬೇರೆ ಬೇರೆ ಕೊಂಡು ಬೆರೆಸಿ ಜಗಿಯುವವರ ಬಾಯಿಗಳು ನಮ್ಮ ಆಸ್ಪತ್ರೆಗಳಿಗೆ ಬರುತ್ತಲೇ ಇವೆ.

ಮೂರನೆಯ ವಿಷಯ: ಯಾರಿಗೆ ಬೇಕು? ದವಡೆ ಮುರಿದವರಿಗೆ, ದವಡೆಯನ್ನು ಕೊಯ್ದು ಹೊಂದಿಸಬೇಕಾದವರಿಗೆ, ಬಾಯಿಯ ಕ್ಯಾನ್ಸರಿನವರಿಗೆ, ಸೀಳುತುಟಿಯ ಮಕ್ಕಳಿಗೆ ಬೇಕೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಕೆಳದವಡೆಯ ಹಲ್ಲಿನ ಕೀವು ನಾಲಿಗೆಯ ಕೆಳಗೂ ಕತ್ತಿಗೂ ಹರಡಿ ಉಸಿರೇ ಕಟ್ಟುವ ಸ್ಥಿತಿಗೆ, 1836ರಲ್ಲಿ ವಿವರಿಸಿದ ಜರ್ಮನ್ ವೈದ್ಯನ ಹೆಸರಿನಿಂದ, ಲುಡ್ವಿಗ್ಸ್ ಆಂಜೈನಾ ಎನ್ನುತ್ತಾರೆ. ಅಲ್ಲಿಯೂ ಆಸ್ಪತ್ರೆಯೇ ಗತಿ. ಚರ್ಚೆ ಇರುವುದು ಸಾಮಾನ್ಯ ಹುಳುಕು ಹಲ್ಲಿನ ವಿಷಯದಲ್ಲಿ.

ಇಲ್ಲಿ ಮೊದಲ ಗುಂಪು ಪುಟ್ಟ ಮಕ್ಕಳದು. ರಾತ್ರಿ ಬಾಟಲಿಯಲ್ಲಿ ಸಕ್ಕರೆ ಹಾಕಿದ ಹಾಲು ಕುಡಿಯುತ್ತಲೇ ನಿದ್ದೆಹೋಗುವ ಮಗುವಿನ ಮೇಲಿನ ಮುಂದಿನ ಹಲ್ಲುಗಳು ಮೊದಲು ಸುಣ್ಣದ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗಿ, ಕೊನೆಗೆ ಒಸಡಿನ ಮಟ್ಟಕ್ಕೆ ಮುರಿದು ಮೊಳೆಗಳಷ್ಟೇ ಉಳಿಯುತ್ತವೆ. ನಿದ್ದೆಯಲ್ಲಿ ಎಂಜಲು ಸ್ರವಿಸುವುದು ಕಡಿಮೆಯಾದ್ದರಿಂದ ಸಿಹಿ ಹಾಲು ಹಲ್ಲಿನ ಮೇಲೆ ನಿಂತೇ ಇರುತ್ತದೆ. ಮೂರು ವರ್ಷದ ಮಗುವನ್ನು ಕುರ್ಚಿಯಲ್ಲಿ ಕೂರಿಸಿ ಹತ್ತಾರು ಸಲ ಚುಚ್ಚಿ ಹತ್ತು ಹಲ್ಲುಗಳನ್ನು ಸರಿಮಾಡುವುದು ಆಗದ ಮಾತು. ನಾಲ್ಕು ಜನ ಕೈಕಾಲು ಹಿಡಿದು ಮಾಡಬಹುದೆಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಿಸಿಕೊಂಡ ಮಗು ಮುಂದೆ ಹಲ್ಲಿನ ವೈದ್ಯರ ಹೆಸರೆತ್ತಿದರೆ ನಡುಗುವಂತಾದೀತು. ಇಂಥ ಮಗುವಿಗೆ ಪೂರ್ಣ ಅರಿವಳಿಕೆಯೇ ಹೆಚ್ಚು ಕರುಣೆಯ ದಾರಿ. ಒಂದೇ ಸಲಕ್ಕೆ ಬೇರುನಾಳದ ಚಿಕಿತ್ಸೆ, ಸ್ಟೀಲ್ ಕ್ಯಾಪ್, ಕೀಳಬೇಕಾದದ್ದನ್ನು ಕೀಳುವುದು ಎಲ್ಲವೂ ಮುಗಿಯುತ್ತದೆ. ಉಳಿಯುವುದು ಅನುಮಾನವೆನಿಸಿದ ಹಲ್ಲನ್ನು ಉಳಿಸಲು ಹೆಣಗದೆ ಕೀಳುವುದು ಇಲ್ಲಿ ಸರಿಯಾದ ನಿರ್ಧಾರ, ಏಕೆಂದರೆ ಆರು ತಿಂಗಳಿಗೆ ಮತ್ತೊಮ್ಮೆ ಅರಿವಳಿಕೆ ಕೊಡುವಂತಾಗಬಾರದು.

ಎರಡನೆಯ ಗುಂಪು ಅಂಗವೈಕಲ್ಯವುಳ್ಳವರದು. ಆಟಿಸಂ ಇರುವ ಹುಡುಗನಿಗೆ ಡ್ರಿಲ್ಲಿನ ಸದ್ದು, ಕಣ್ಣಿಗೆ ಬೀಳುವ ದೀಪ, ಬಾಯಿಗೆ ಬರುವ ಕೈ ಒಂದೊಂದೂ ಸಹಿಸಲಾಗದ ಹಿಂಸೆ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಬಾಯಿ ತೆರೆದು ಅಲುಗಾಡದೆ ಇರಬೇಕೆಂಬ ಮನಸ್ಸಿದ್ದರೂ ಸ್ನಾಯುಗಳು ಮಾತು ಕೇಳುವುದಿಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ ಕತ್ತಿನ ಮೇಲ್ತುದಿಯ ಮೂಳೆಗಳು ಸಡಿಲವಾಗಿರಬಹುದು, ಹುಟ್ಟಿನಿಂದ ಹೃದಯದ ದೋಷವಿರಬಹುದು. ಕುತ್ತಿಗೆಯನ್ನು ಹಿಂದಕ್ಕೆ ಬಗ್ಗಿಸುವಾಗಲೂ ಎಚ್ಚರ ಬೇಕು. ಇವರಲ್ಲಿ ಹಲವರಿಗೆ ಹಲ್ಲು ನೋಯುತ್ತಿದೆ ಎಂದು ಹೇಳಲು ಮಾತಿಲ್ಲ. ಊಟ ಬಿಡುತ್ತಾರೆ, ಕೆನ್ನೆ ಹೊಡೆದುಕೊಳ್ಳುತ್ತಾರೆ, ರಾತ್ರಿಯಿಡೀ ಕಿರುಚುತ್ತಾರೆ; ಮನೆಯವರು ಅದನ್ನು ಸ್ವಭಾವದ ಕೆರಳಿಕೆ ಎಂದುಕೊಳ್ಳುತ್ತಾರೆ. ಆ ಬಾಯನ್ನು ಒಮ್ಮೆ ಪೂರ್ತಿಯಾಗಿ ನೋಡಲು ಕೂಡ ಅರಿವಳಿಕೆ ಬೇಕಾಗಬಹುದು.

ಹಾಗಾದರೆ ಯಾರಿಗೆ ಬೇಡ? ಒಂದೆರಡು ಹಲ್ಲು ಹುಳುಕಾದ, ಮಾತು ಕೇಳುವ ವಯಸ್ಸಿನ ಮಗುವಿಗೆ ಬೇಡ. ಹೆದರುವ ದೊಡ್ಡವರಲ್ಲೂ ಬಹುತೇಕರಿಗೆ ಬೇಡ. ಅವರಿಗೆ ಹೋರೇಸ್ ವೆಲ್ಸ್ ನಂಬಿದ ಅದೇ ನೈಟ್ರಸ್ ಆಕ್ಸೈಡ್ ಇಂದು ಬೇರೆ ರೂಪದಲ್ಲಿ ಒದಗುತ್ತದೆ: ಯಂತ್ರವು ಆಮ್ಲಜನಕ ಶೇಕಡ 30ಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ, ರೋಗಿ ಎಚ್ಚರವಾಗಿಯೇ ಇದ್ದು ಹಗುರಾಗುತ್ತಾನೆ, ಕೊನೆಯಲ್ಲಿ ಕೆಲನಿಮಿಷ ಬರಿಯ ಆಮ್ಲಜನಕ ಕೊಟ್ಟರೆ ಮಂಪರು ಇಳಿಯುತ್ತದೆ. ಹುಳುಕಿನ ಮೇಲೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿದರೆ ಆ ಜಾಗ ಕಪ್ಪಾಗುತ್ತದೆ, ಆದರೆ ಹುಳುಕು ಮುಂದುವರಿಯುವುದು ಹೆಚ್ಚಿನ ಸಲ ನಿಲ್ಲುತ್ತದೆ. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ರೂಢಿಸಿದ ವಿಧಾನದಲ್ಲಿ ಚುಚ್ಚುಮದ್ದೂ ಡ್ರಿಲ್ಲೂ ಇಲ್ಲದೆ ಹಾಲುಹಲ್ಲಿನ ಮೇಲೆ ಸ್ಟೀಲ್ ಕ್ಯಾಪ್ ಕೂರಿಸಿ ಹುಳುಕನ್ನು ಒಳಗೇ ಮುಚ್ಚಿಬಿಡುತ್ತಾರೆ. ಇವನ್ನೆಲ್ಲ ಯೋಚಿಸಿದ ಮೇಲೆ ಉಳಿಯುವವರಿಗೆ ಮಾತ್ರ ಪೂರ್ಣ ಅರಿವಳಿಕೆ.

ಅರಿವಳಿಕೆಯಿಂದ ಮಗುವಿನ ಬುದ್ಧಿ ಮಂಕಾಗುತ್ತದೆಯೇ ಎಂದು ತಂದೆ ತಾಯಿ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೂ ಮೀರಿ ಅಥವಾ ಪದೇಪದೇ ಅರಿವಳಿಕೆ ಕೊಡುವುದು ಮಿದುಳಿನ ಬೆಳವಣಿಗೆಯ ಮೇಲೆ ಪರಿಣಾಮ ಬೀರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಎಚ್ಚರಿಸಿತು. ಹಸುಗೂಸುಗಳಾಗಿದ್ದಾಗ ಒಂದು ಗಂಟೆಗಿಂತ ಕಡಿಮೆ ಅರಿವಳಿಕೆ ಪಡೆದ ಮಕ್ಕಳನ್ನು ಐದನೆಯ ವಯಸ್ಸಿನಲ್ಲಿ ಪರೀಕ್ಷಿಸಿದ, ಹಲವು ದೇಶಗಳಲ್ಲಿ ನಡೆದ ಗ್ಯಾಸ್ ಎಂಬ ಅಧ್ಯಯನ, ಅಂಥ ಕುಂದು ಕಂಡುಬರಲಿಲ್ಲವೆಂದು 2019ರಲ್ಲಿ ವರದಿ ಮಾಡಿತು. ಆದ್ದರಿಂದ ಮುಂದೂಡಬಹುದಾದ ಕೆಲಸವನ್ನು ಮೂರು ವರ್ಷ ದಾಟುವವರೆಗೆ ಮುಂದೂಡುವುದು, ಮಾಡಲೇಬೇಕಾದದ್ದನ್ನು ಒಂದೇ ಸಲಕ್ಕೆ ಮುಗಿಸುವುದು ಒಳ್ಳೆಯದು. ಕೀವು ತುಂಬಿ ಜ್ವರ ಬಂದಿರುವ ಮಗುವಿನ ಚಿಕಿತ್ಸೆಯನ್ನು ಈ ಹೆದರಿಕೆಯಿಂದ ನಿಲ್ಲಿಸುವುದು ತಪ್ಪು.

ಕೊನೆಯ ಭಾಗಕ್ಕೆ ಬರೋಣ: ಎಲ್ಲಿ ಕೊಡಬೇಕು, ಯಾರು ಕೊಡಬೇಕು? ಈ ಪ್ರಶ್ನೆಗೆ ಬ್ರಿಟನ್ ಕಂಡುಕೊಂಡ ಉತ್ತರ ಎಲ್ಲರಿಗೂ ಪಾಠ. ಅಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹಲ್ಲಿನ ಕ್ಲಿನಿಕ್ಕುಗಳಲ್ಲೇ, ಕುರ್ಚಿಯಲ್ಲಿ ಕೂರಿಸಿಯೇ, ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಜನರಿಗೆ ಪೂರ್ಣ ಅರಿವಳಿಕೆ ಕೊಡುತ್ತಿದ್ದರು. ಕುಳಿತ ಭಂಗಿಯಲ್ಲಿ ರಕ್ತದೊತ್ತಡ ಕುಸಿದರೆ ಮಿದುಳಿಗೆ ರಕ್ತ ಸಾಲದು. ಅರಿವಳಿಕೆಯಲ್ಲಿರುವವನು ಮೂರ್ಛೆಹೋದದ್ದು ಯಾರಿಗೂ ಗೊತ್ತಾಗುವುದೂ ಇಲ್ಲ. ಇದನ್ನು ಅರಿವಳಿಕೆ ತಜ್ಞ ಜೆ. ಜಿ. ಬೋರ್ನ್ 1957ರಲ್ಲಿ ಎತ್ತಿ ತೋರಿಸಿದ ಮೇಲೆ ರೋಗಿಯನ್ನು ಮಲಗಿಸಿ ಚಿಕಿತ್ಸೆ ಕೊಡುವ ಕ್ರಮ ಹರಡಿತು. ಸಾವುಗಳು ಮಾತ್ರ ನಿಲ್ಲಲಿಲ್ಲ. 1990ರಲ್ಲಿ ಡೇವಿಡ್ ಪಾಸ್‌ವಿಲ್ಲೋ ಅಧ್ಯಕ್ಷತೆಯ ಸಮಿತಿ, ಸಾಧ್ಯವಿ‍ದ್ದಲ್ಲೆಲ್ಲ ಪೂರ್ಣ ಅರಿವಳಿಕೆ ತಪ್ಪಿಸಬೇಕು, ಕೊಡುವುದಾದರೆ ಆಸ್ಪತ್ರೆಯ ಮಟ್ಟದ ಸಿಬ್ಬಂದಿ ಮತ್ತು ಸಲಕರಣೆಯೇ ಇರಬೇಕು ಎಂದಿತು. 1998ರಲ್ಲಿ ಅಲ್ಲಿನ ದಂತವೈದ್ಯಕೀಯ ಮಂಡಳಿ ನಿಯಮ ಬಿಗಿಮಾಡಿತು. 2001ರ ಡಿಸೆಂಬರ್ ಕೊನೆಯಿಂದಾಚೆಗೆ ಇಂಗ್ಲೆಂಡಿನಲ್ಲಿ, ತೀವ್ರ ನಿಗಾ ವ್ಯವಸ್ಥೆಯಿರುವ ಆಸ್ಪತ್ರೆಗಳ ಹೊರಗೆ, ಹಲ್ಲಿನ ಕೆಲಸಕ್ಕೆ ಪೂರ್ಣ ಅರಿವಳಿಕೆ ಕೊಡುವಂತಿಲ್ಲ.

ಅಮೆರಿಕದ ದಾರಿ ಬೇರೆ. ಅಲ್ಲಿ ತರಬೇತಾದ ಬಾಯಿ ಶಸ್ತ್ರತಜ್ಞರು ತಮ್ಮದೇ ಕ್ಲಿನಿಕ್ಕಿನಲ್ಲಿ ಅರಿವಳಿಕೆಯನ್ನೂ ಕೊಟ್ಟು ಶಸ್ತ್ರಚಿಕಿತ್ಸೆಯನ್ನೂ ಮಾಡುವ ಪದ್ಧತಿ ಬಹಳ ಕಾಲದಿಂದ ಇದೆ. ಮಕ್ಕಳ ಸಾವುಗಳು ಸುದ್ದಿಯಾದ ಮೇಲೆ ಮಕ್ಕಳ ವೈದ್ಯರ ಹಾಗೂ ಮಕ್ಕಳ ದಂತವೈದ್ಯರ ಸಂಘಗಳು 2019ರಲ್ಲಿ ಜಂಟಿ ಮಾರ್ಗಸೂಚಿಯನ್ನು ತಿದ್ದಿ, ಚಿಕಿತ್ಸೆ ಮಾಡುವವರ ಹೊರತಾಗಿ ಅರಿವಳಿಕೆಯಲ್ಲಿ ನುರಿತ ಮತ್ತೊಬ್ಬರು ಮಗುವನ್ನೇ ನೋಡುತ್ತ ಇರಲೇಬೇಕು ಎಂದವು. ಹಲ್ಲನ್ನೂ ಉಸಿರನ್ನೂ ಒಬ್ಬರೇ ಒಟ್ಟಿಗೆ ನೋಡಿಕೊಳ್ಳಲಾಗದು. ಎರಡು ದೇಶಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಇದೇ ಕಡೆಗೆ ಬಂದಿವೆ.

ನಮ್ಮಲ್ಲಿ ಈ ಕೆಲಸ ಅರಿವಳಿಕೆಯಲ್ಲಿ ಸ್ನಾತಕೋತ್ತರ ಪದವಿ ಪಡೆದ ವೈದ್ಯರದು, ಜಾಗ ಆಸ್ಪತ್ರೆಯ ಥಿಯೇಟರಿನದು. ಅದನ್ನು ಸಡಿಲಿಸುವ ಯಾವ ಅನುಕೂಲದ ಮಾತಿಗೂ ಕಿವಿಗೊಡಬಾರದು. ಮಗುವನ್ನು ಒಪ್ಪಿಸುವ ತಂದೆ ತಾಯಿ ಮೊದಲೇ ಕೇಳಿ ತಿಳಿಯಬೇಕು: ಅರಿವಳಿಕೆ ಕೊಡುವವರು ಬೇರೆ ವೈದ್ಯರೇ? ಪೂರ್ತಿ ಎಚ್ಚರವಾಗುವವರೆಗೂ ಅವರು ಇರುತ್ತಾರೆಯೇ? ಏನಾದರೂ ಆದರೆ ಅದೇ ಕಟ್ಟಡದಲ್ಲಿ ಐ.ಸಿ.ಯು. ಇದೆಯೇ? ಇವನ್ನು ಕೇಳಿದರೆ ಒಳ್ಳೆಯ ವೈದ್ಯರು ಯಾರೂ ಸಿಡುಕುವುದಿಲ್ಲ.

ಕರ್ನಾಟಕಕ್ಕೆ ದಂತವೈದ್ಯಕೀಯ ಶಿಕ್ಷಣದಲ್ಲಿ ದೊಡ್ಡ ಹೆಸರಿದೆ. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಆರಂಭವಾದವು. ಒಂದರ ಪಕ್ಕದಲ್ಲಿ ವಿಕ್ಟೋರಿಯಾ ಆಸ್ಪತ್ರೆ, ಇನ್ನೊಂದರ ಪಕ್ಕದಲ್ಲಿ ಕಸ್ತೂರ್ಬಾ ಆಸ್ಪತ್ರೆ ಇದೆ. ಹೀಗೆ ದಂತ ಕಾಲೇಜೂ ದೊಡ್ಡ ಆಸ್ಪತ್ರೆಯೂ ಅಕ್ಕಪಕ್ಕದಲ್ಲಿರುವ ಊರುಗಳು ನಮ್ಮಲ್ಲಿ ಇನ್ನೂ ಇವೆ. ಆದರೂ ಮಾತು ಬಾರದ ಮಗನ ಹಲ್ಲಿಗಾಗಿ ಹಳ್ಳಿಯಿಂದ ಬರುವ ತಾಯಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಅಲೆಯುತ್ತಾಳೆ. ಥಿಯೇಟರ್ ಪಟ್ಟಿಯಲ್ಲಿ ಹಲ್ಲಿಗೆ ಸರದಿ ಸಿಗುವುದು ಎಲ್ಲಕ್ಕಿಂತ ಕೊನೆಗೆ. ಬಹುತೇಕ ಆರೋಗ್ಯ ವಿಮೆಗಳು, ಅಪಘಾತದ ಗಾಯ ಬಿಟ್ಟರೆ, ಹಲ್ಲಿನ ಖರ್ಚನ್ನು ಭರಿಸುವುದಿಲ್ಲ.

ಅಂಗವೈಕಲ್ಯವುಳ್ಳವರಿಗೆ ಚಿಕಿತ್ಸೆಯಲ್ಲಿ ಆದ್ಯತೆ ಸಿಗಬೇಕೆಂದು 2016ರ ಕೇಂದ್ರ ಕಾಯ್ದೆಯೇ ಹೇಳುತ್ತದೆ. ಈ ಸಭೆಯಲ್ಲಿರುವ ಕಾಲೇಜುಗಳ ಹಿರಿಯರಲ್ಲಿ ಮನವಿ ಇಷ್ಟೇ: ಪಕ್ಕದ ಆಸ್ಪತ್ರೆಯೊಡನೆ ಮಾತಾಡಿ, ವಾರಕ್ಕೆ ಒಂದು ದಿನ ಒಂದು ಥಿಯೇಟರನ್ನೂ ಒಬ್ಬ ಅರಿವಳಿಕೆ ತಜ್ಞರನ್ನೂ ಈ ಮಕ್ಕಳಿಗಾಗಿ, ಈ ದೊಡ್ಡವರಿಗಾಗಿ ಮೀಸಲಿಡಿ, ಆ ದಿನ ಯಾವುದೆಂದು ಜಿಲ್ಲೆಯ ವಿಶೇಷ ಶಾಲೆಗಳಿಗೆಲ್ಲ ತಿಳಿಸಿ.